ಕಯಾಕ್ ಮಾತ್ರನಾ, ಹಾಯಿದೋಣಿನೂ ಬೇಕಾ? ದೂರದ ದ್ವೀಪಗಳ ಟ್ರಿಪ್ ಬುಕ್ ಮಾಡೋ ಮುಂಚೆ

ದ್ವೀಪದ ಟ್ರಿಪ್ ಹುಡುಕೋಕೆ ಕೂತವರು ಮೊದಲು ನೋಡೋದು ಫೋಟೋ. ಹಸಿರು ನೀರು, ಬಿಳಿ ಮರಳು, ಮಧ್ಯೆ ಒಂದು ಕೆಂಪು ಕಯಾಕ್ (ಹುಟ್ಟು ಹಾಕಿ ನಡೆಸೋ ಸಣ್ಣ, ಉದ್ದನೆ ದೋಣಿ), ಹಿಂದೆ ಹಾಯಿ ಬಿಚ್ಚಿದ ದೋಣಿ. ಆ ಫೋಟೋದಲ್ಲಿ ಒಂದು ಸಣ್ಣ ಮೋಸ ಇರುತ್ತೆ. ಕಯಾಕ್ ಸುತ್ತ ನೀರು ಕನ್ನಡಿ ಥರ ಇದೆ, ಅಂದ್ರೆ ಗಾಳಿ ಇಲ್ಲ, ಹಾಗಿದ್ರೆ ಹಿಂದಿನ ದೋಣಿ ಓಡ್ತಿರೋದು ಇಂಜಿನ್ನಲ್ಲಿ, ಹಾಯಿ ಬಿಚ್ಚಿರೋದು ಕ್ಯಾಮೆರಾಗೆ. ಹುಟ್ಟು ಹಾಕೋನಿಗೆ ಗಾಳಿ ಬೇಡ, ಹಾಯಿ ಕಟ್ಟೋನಿಗೆ ಗಾಳಿ ಬೇಕು. ಎರಡನ್ನೂ ಒಂದೇ ಟ್ರಿಪ್ಪಲ್ಲಿ ಕೊಡ್ತೀವಿ ಅಂತ ಹೇಳೋರು ಈ ಜಗಳನ ಹೇಗೆ ಬಗೆಹರಿಸ್ತಾರೆ ಅನ್ನೋದೇ ನೀವು ಕೇಳಬೇಕಾದ ಪ್ರಶ್ನೆ, ಉಳಿದದ್ದೆಲ್ಲ ಆಮೇಲೆ.

ಇದನ್ನ ನಾನು ದುಡ್ಡು ಕೊಟ್ಟು ಕಲಿತಿದ್ದು. ಮೊದಲ ಸಲ ಹೋಗಿದ್ದು ಆರು ದಿನದ ಕಯಾಕ್ ಪ್ಲಸ್ ಸೇಲಿಂಗ್ ಅಂತ ಬರೆದಿದ್ದ ಟ್ರಿಪ್, ಎಲ್ಲಿ ಯಾರು ಅನ್ನೋದು ಬೇಡ. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನದಿಂದ ಎದುರುಗಾಳಿ, ಹಾಯಿ ಮಡಚಿ ಕವರ್ ಹಾಕಿ ಜಿಪ್ ಎಳೆದುಬಿಟ್ರು, ಆಮೇಲೆ ಕೊನೇ ದಿನದವರೆಗೂ ಇಂಜಿನ್ ಗುಡುಗುಡು. ಕಯಾಕ್‌ಗಳು ಡೆಕ್ಕಿನ ಕಂಬಿಗೆ ಕಟ್ಟಿದ ಹಾಗೇ ಇದ್ದವು, ನಾನು ಅದರ ಮೇಲೆ ಒದ್ದೆ ಟವೆಲ್ ಒಣಗಿಹಾಕ್ತಿದ್ದೆ. ಗೈಡ್ ಪಾಪ ಏನು ಮಾಡ್ತಾನೆ, ಆ ತಿಂಗಳಲ್ಲಿ ಅಲ್ಲಿ ಗಾಳಿ ಬರೋದೇ ಆ ಕಡೆಯಿಂದ, ಪ್ಲಾನ್ ಮಾಡಿದವರು ದಾರಿನೂ ಅದೇ ಕಡೆಗೆ ಇಟ್ಟಿದ್ರು, ನಾನೂ ಬಾಯಿಬಿಟ್ಟು ಕೇಳಿರಲಿಲ್ಲ.

ಸರಿ, ಆಯ್ಕೆಗಳಿಗೆ ಬರೋಣ. ಮಾರುಕಟ್ಟೆಯಲ್ಲಿ ಹೆಸರು ಹತ್ತು ಥರ ಇದ್ರೂ ಒಳಗೆ ಇರೋದು ಮೂರೇ, ಜೊತೆಗೊಂದು ಅರ್ಧ.

ಒಂದು, ಸಾಮಾನೆಲ್ಲ ಕಯಾಕ್ ಹೊಟ್ಟೆಯಲ್ಲೇ ತುಂಬ್ಕೊಂಡು ದ್ವೀಪದಿಂದ ದ್ವೀಪಕ್ಕೆ ಹೋಗೋದು, ರಾತ್ರಿ ಬೀಚಲ್ಲಿ ಟೆಂಟ್. ಕೇಳೋಕೆ ಇದರಷ್ಟು ಚೆಂದ ಯಾವುದೂ ಇಲ್ಲ. ಆದ್ರೆ ನೀರಿನ ಲೆಕ್ಕ ಹಾಕಿ ನೋಡಿ. ಉಷ್ಣವಲಯದ ಬಿಸಿಲಲ್ಲಿ ಹುಟ್ಟು ಹಾಕೋ ಮನುಷ್ಯನಿಗೆ ಕುಡಿಯೋಕೇ ದಿನಕ್ಕೆ 4ರಿಂದ 5 ಲೀಟರ್ ಬೇಕು, ಐದು ದಿನಕ್ಕೆ 25 ಲೀಟರ್ ಅಂದ್ರೆ 25 ಕೆಜಿ, ಅಡುಗೆ ನೀರು ಬೇರೆ. ಸುಮಾರು 5 ಮೀಟರ್ ಉದ್ದದ ಸಿಂಗಲ್ ಸೀ ಕಯಾಕ್‌ನ ತೂಕವೇ ಹತ್ತಿರ ಹತ್ತಿರ 25 ಕೆಜಿ, ಅದರೊಳಗೆ ನೀರು, ಟೆಂಟ್, ಸ್ಟವ್ ಎಲ್ಲ ಹಾಕಿದ ಮೇಲೆ ಇಬ್ಬರು ಸೇರಿದ್ರೂ ಎತ್ತೋಕಾಗಲ್ಲ. ಸಂಜೆ ದಡ ಮುಟ್ಟುವಾಗ ಇಳಿತ ಇದ್ರಂತೂ ಮುಗೀತು ಕಥೆ, ನೀರು ನೂರಿನ್ನೂರು ಮೀಟರ್ ಹಿಂದೆ ಸರಿದಿರುತ್ತೆ, ಮಧ್ಯೆ ಹವಳದ ಚೂರು ಮತ್ತು ಕೆಸರು, ನಾಲ್ಕು ಜನ ಒಂದೊಂದು ಮೂಲೆ ಹಿಡಿದು ಹತ್ತು ಹೆಜ್ಜೆ ಇಡೋದು, ಇಳಿಸೋದು, ಉಸಿರು ತಗೊಳ್ಳೋದು, ಮತ್ತೆ ಹತ್ತು ಹೆಜ್ಜೆ. ಫೋಟೋದಲ್ಲಿ ಇದು ಬರಲ್ಲ.

ರಾತ್ರಿ ಇನ್ನೊಂದು ತಮಾಷೆ. ಹಗಲೆಲ್ಲ ಯಾವ ಗಾಳಿನ ಬೈಕೊಂಡು ಬಂದಿರ್ತೀರೋ ಅದೇ ಗಾಳಿ ಟೆಂಟ್ ಒಳಗೆ ಬರಲಿ ಅಂತ ದೇವರಿಗೆ ಕೈ ಮುಗೀತಾ ಮಲಗಿರ್ತೀರ, ಯಾಕಂದ್ರೆ ಗಾಳಿ ನಿಂತ ಕೂಡಲೇ ಒಳಗೆ ಇಡ್ಲಿ ಪಾತ್ರೆ, ಹೊರಗೆ ಮರಳುನೊಣ. ಅದರ ಕಡಿತ ಸೊಳ್ಳೆ ಥರ ಅಲ್ಲ, ಮೂರ್ನಾಲ್ಕು ದಿನ ಆದ್ಮೇಲೂ ಕೆರೀತಾ ಇರ್ತೀರ. ಇಷ್ಟೆಲ್ಲ ಹೇಳಿದ್ರೂ, ಬೆಳಗಿನ ಜಾವ ಬೇರೆ ಒಂದು ದೋಣಿಯೂ ಕಾಣದ ದಡದಿಂದ ನೀರಿಗಿಳಿಯೋದು, ಪ್ಯಾಡಲ್ ತುದಿಯಿಂದ ಬೀಳೋ ಹನಿ ಶಬ್ದ ಬಿಟ್ರೆ ಇನ್ನೇನೂ ಕೇಳದೇ ಇರೋದು, ಅದು ಬೇಕು ಅಂದ್ರೆ ದಾರಿ ಇದೊಂದೇ.

ಎರಡು, ಒಂದೇ ದ್ವೀಪದಲ್ಲಿ ಬಿಡಾರ ಹೂಡಿ ದಿನಾ ಅಲ್ಲಿಂದ ಹೋಗಿ ಬರೋದು. ಜನ ಇದನ್ನ ಕಡಿಮೆ ಅಂತ ನೋಡ್ತಾರೆ, ನನಗೇನೋ ಹಾಗನ್ನಿಸಲ್ಲ. ಕಯಾಕ್ ಖಾಲಿ, ಹಗುರ. ಗಾಳಿ ಎದ್ರೆ ಅವತ್ತು ಹೋಗಲ್ಲ ಅಷ್ಟೇ, ಮುಂದಿನ ಊರು ತಲುಪಲೇಬೇಕು ಅನ್ನೋ ಹಟ ಇಲ್ಲ, ಸಮುದ್ರದಲ್ಲಿ ತಪ್ಪುಗಳು ಆಗೋದು ಬಹುಪಾಲು ಆ ಹಟದಿಂದಲೇ. ಮೊದಲ ಸಲ ಹೋಗೋರು, ಮಕ್ಕಳ ಜೊತೆ ಹೋಗೋರು ಕಣ್ಣುಮುಚ್ಚಿ ಇದನ್ನೇ ತಗೊಳ್ಳಿ.

ಮೂರನೇದು ಹಾಯಿದೋಣಿಯೇ ಮನೆ, ಕಯಾಕ್‌ಗಳು ಅದರ ಜೊತೆ. ಈಗ ಜಾಸ್ತಿ ಓಡ್ತಿರೋದು ಇದು, ಜಾಸ್ತಿ ಮೋಸ ಹೋಗೋದೂ ಇದರಲ್ಲೇ. ಒಳ್ಳೇದೇನು ಅಂದ್ರೆ ನೀರು, ನೆರಳು, ಟಾಯ್ಲೆಟ್ ಎಲ್ಲ ಜೊತೆಗೇ ಬರುತ್ತೆ, ಯಾರಿಗಾದ್ರೂ ತೋಳು ಸೋತ್ರೆ ಹತ್ತಿ ಕೂತ್ಕೊಬಹುದು, ಕಯಾಕಲ್ಲಿ ಎರಡು ದಿನ ಹಿಡಿಯೋ ದೂರನ ದೋಣಿ ಅರ್ಧ ದಿನದಲ್ಲಿ ದಾಟಿಸುತ್ತೆ. ತೊಂದರೆ ಏನಂದ್ರೆ ಎಲ್ಲಿ ಉಳಿಯೋದು ಅಂತ ತೀರ್ಮಾನ ಮಾಡೋದು ನೀವಲ್ಲ, ಲಂಗರು. ಆಳ ಇರೋ ಕಡೆ, ಗಾಳಿಗೆ ಮರೆ ಇರೋ ಕಡೆ ಮಾತ್ರ ದೋಣಿ ನಿಲ್ಲೋದು, ಆ ಜಾಗದ ಸುತ್ತ ಕಯಾಕ್‌ಗೆ ಒಳ್ಳೆ ನೀರು ಇದ್ರೆ ಅದೃಷ್ಟ. ಒಂಟಿ ಹಲ್ ದೋಣಿ, ಅಂದ್ರೆ ಒಂದೇ ಒಡಲಿನ ದೋಣಿ ಆದ್ರೆ ಸಾಮಾನ್ಯವಾಗಿ 2 ಮೀಟರ್ ಆಳ ಕೆಳಗೆ ಬೇಕೇ ಬೇಕು, ಎರಡು ಒಡಲು ಜೋಡಿಸಿದ ಕ್ಯಾಟಮರಾನ್ ಅದಕ್ಕಿಂತ ಕಮ್ಮಿ ನೀರಲ್ಲೂ ನಿಲ್ಲುತ್ತೆ, ದಡಕ್ಕೆ ಹತ್ತಿರ ಬರುತ್ತೆ, ವಾಲಲ್ಲ, ಲೋಟ ಬೀಳಲ್ಲ. ಆದ್ರೆ ಹಾಯಿಯ ಮಜಾ ಬೇಕು ಅಂತಲೇ ಹೋಗೋರಿಗೆ ಒಂಟಿ ಹಲ್ ದೋಣಿಯೇ ಸರಿ, ಒಂದು ಕಡೆ ವಾಲ್ಕೊಂಡು ನೀರು ಸೀಳ್ಕೊಂಡು ಹೋಗೋದು ಕ್ಯಾಟಮರಾನ್‌ನಲ್ಲಿ ಸಿಗಲ್ಲ. ಕ್ಯಾಬಿನ್ ತಂಪಾಗಿರುತ್ತೆ ಅಂತ ಅಂದ್ಕೋಬೇಡಿ, ಎರಡನೇ ರಾತ್ರಿಗೇ ಎಲ್ಲರೂ ದಿಂಬು ಹಿಡ್ಕೊಂಡು ಡೆಕ್ ಮೇಲೆ ಬಂದಿರ್ತಾರೆ. ಇನ್ನು ಆ ಕೈಪಂಪಿನ ಟಾಯ್ಲೆಟ್, ಅದಕ್ಕೆ ಪೇಪರ್ ಹಾಕಿದವರನ್ನ ಇಡೀ ದೋಣಿ ಕೊನೇ ದಿನದವರೆಗೂ ನೆನಪಿಟ್ಕೊಂಡಿರುತ್ತೆ.

ಅರ್ಧ ಅಂದೆನಲ್ಲ, ಅದು ಹಾಯಿ ಇರೋ ಕಯಾಕ್. ಹೋಬಿ ಟ್ಯಾಂಡಮ್ ಐಲ್ಯಾಂಡ್ ಅಂತ ಇಬ್ಬರು ಕೂರೋ ಒಂದು ದೋಣಿ ಇದೆ, ಎರಡೂ ಪಕ್ಕಕ್ಕೆ ತೇಲುಗಂಬ, ಕಾಲಲ್ಲಿ ತುಳಿಯೋ ಪೆಡಲ್, ಮೇಲೆ ಒಂದು ಹಾಯಿ. ಗಾಳಿ ಇದ್ರೆ ಹಾಯಿ, ಇಲ್ಲಾಂದ್ರೆ ಪೆಡಲ್. ನಾನು ಮೊದಲು ಆಟದ ಸಾಮಾನು ಅಂದ್ಕೊಂಡಿದ್ದೆ, ಒಂದು ಮಧ್ಯಾಹ್ನ ಓಡಿಸಿದ ಮೇಲೆ ಸುಮ್ಮನಾದೆ. ಗುಂಪಿನಲ್ಲಿ ಒಬ್ಬರು ಗಟ್ಟಿ ಒಬ್ಬರು ಮೆದು ಇದ್ರೆ ಇದರಷ್ಟು ನ್ಯಾಯವಾದ ದೋಣಿ ಇನ್ನೊಂದಿಲ್ಲ. ಆದ್ರೆ ಭಾರ, ಮರಳ ಮೇಲೆ ಎಳೆಯೋದು ಕಷ್ಟ.

ಈಗ ಗಾಳಿ ಲೆಕ್ಕ. ಸಾಧಾರಣ ಗುಂಪು ಕಯಾಕಲ್ಲಿ ಗಂಟೆಗೆ 4ರಿಂದ 5 ಕಿ.ಮೀ. ಹೋಗುತ್ತೆ. ಒಂದು ನಾಟ್ ಅಂದ್ರೆ ಗಂಟೆಗೆ 1.85 ಕಿ.ಮೀ., ಎರಡು ದ್ವೀಪದ ಮಧ್ಯೆ ಉಬ್ಬರ ಇಳಿತದ ಸೆಳೆತ 2 ನಾಟ್ ಎದುರಿಗೆ ಬಂತು ಅಂದ್ರೆ ನೀವು ಬೆವರು ಸುರಿಸಿಕೊಂಡು ಹೆಚ್ಚುಕಮ್ಮಿ ನಿಂತ ಜಾಗದಲ್ಲೇ ಇರ್ತೀರ, ಪಕ್ಕದ ಬಂಡೆ ಕದಲಿದ ಹಾಗೇ ಕಾಣಲ್ಲ. ಗಾಳಿ 11ರಿಂದ 16 ನಾಟ್ ಆದಾಗ ನೀರ ಮೇಲೆ ಬಿಳಿ ನೊರೆ ಎಲ್ಲ ಕಡೆ ಕಾಣೋಕೆ ಶುರುವಾಗುತ್ತೆ, ಹೊಸಬರ ಗುಂಪಿಗೆ ಅಲ್ಲಿಗೆ ಸಾಕು. ಅದೇ ಗಾಳಿ ಹಾಯಿದೋಣಿಗೆ ಹಬ್ಬ, ಗಂಟೆಗೆ 10 ಕಿ.ಮೀ. ಆರಾಮಾಗಿ ಓಡುತ್ತೆ. ಆದ್ರೆ ಹಾಯಿಗೂ ನೇರ ಗಾಳಿಗೆ ಎದುರಾಗಿ ಹೋಗೋಕೆ ಬರಲ್ಲ, 45 ಡಿಗ್ರಿ ಓರೆಯಾಗಿ ಆ ಕಡೆ ಈ ಕಡೆ ಹೊಯ್ದಾಡ್ತಾ ಹೋಗಬೇಕು, 10 ಕಿ.ಮೀ. ದಾರಿ 14 ಆಗುತ್ತೆ. ಅಷ್ಟು ತಾಳ್ಮೆ ಇಟ್ಕೊಂಡಿರೋ ಟೂರ್‌ನವರು ಕಡಿಮೆ, ಕೀ ತಿರುಗಿಸ್ತಾರೆ.

ವಾಣಿಜ್ಯ ಮಾರುತ (ಒಂದೇ ದಿಕ್ಕಿಂದ ಬಿಡದೆ ಬರೋ ಟ್ರೇಡ್ ವಿಂಡ್) ಬೀಸೋ ಕಡೆಗಳಲ್ಲಿ ಗಾಳಿ ಸಾಮಾನ್ಯವಾಗಿ ಬೆಳಿಗ್ಗೆ ಮೆತ್ತಗಿದ್ದು ಬಿಸಿಲು ಏರಿದ ಹಾಗೆ ಜೋರಾಗುತ್ತೆ. ಒಳ್ಳೆ ಗೈಡ್ ಆದ್ರೆ ಬೆಳಿಗ್ಗೆ 6ಕ್ಕೇ ಕಯಾಕ್ ಇಳಿಸಿ 11ರೊಳಗೆ ಮುಗಿಸಿ ಮಧ್ಯಾಹ್ನ ಹಾಯಿ ಎತ್ತುತ್ತಾನೆ, ಗಾಳಿ ಇಬ್ಬರಿಗೂ ಹಂಚಿಹೋಯ್ತು, ಜಗಳ ಇಲ್ಲ. ದಿನದ ಪ್ಲಾನಲ್ಲಿ ಬೆಳಿಗ್ಗೆ ನಿಧಾನ ತಿಂಡಿ, ಮಧ್ಯಾಹ್ನ ಕಯಾಕ್ ಅಂತ ಬರೆದಿದ್ರೆ ಅದನ್ನ ಬರೆದವರು ಆಫೀಸಲ್ಲಿ ಕೂತಿರೋರು.

ಜಾಗಗಳ ವಿಷಯಕ್ಕೆ ಬಂದ್ರೆ, ನಾನು ಹೋಲಿಸಿ ನೋಡಿದ್ದು ಐದು.

ಫಿಜಿಯ ಯಾಸವಾ. ಜ್ವಾಲಾಮುಖಿಯಿಂದ ಎದ್ದ ಸುಮಾರು 20 ದ್ವೀಪ, ಒಂದರ ಹಿಂದೊಂದು ಸಾಲಾಗಿ ಉತ್ತರಕ್ಕೆ ಹೋಗ್ತವೆ. ಮೇಯಿಂದ ಅಕ್ಟೋಬರ್ ಒಣಕಾಲ, ಆಗ ಗಾಳಿ ಆಗ್ನೇಯದಿಂದ. ಅಂದ್ರೆ ಸಾಲಿನ ಪಶ್ಚಿಮ ಬದಿ ಪೂರ್ತಿ ಮರೆ, ಕಯಾಕ್ ಆ ಬದಿಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋಗಬಹುದು, ಹಾಯಿದೋಣಿಗೂ ಪಕ್ಕದ ಗಾಳಿ ಸಿಗುತ್ತೆ. ಕಯಾಕ್ ಮತ್ತು ಹಾಯಿ ಎರಡಕ್ಕೂ ಇಷ್ಟು ಚೆನ್ನಾಗಿ ಹೊಂದೋ ಜಾಗ ಈ ಐದರಲ್ಲಿ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಹುಷಾರಾಗಿರಬೇಕಾದ್ದು ಎರಡು ದ್ವೀಪದ ಮಧ್ಯದ ಸಂದಿಗಳಲ್ಲಿ, ಮರೆ ಮುಗಿದ ತಕ್ಷಣ ಗಾಳಿ ಪಕ್ಕದಿಂದ ಹೊಡೆಯುತ್ತೆ. ಊರೊಳಗೆ ಹೋಗೋದಿದ್ರೆ ಮುಖ್ಯಸ್ಥರಿಗೆ ಯಂಗೋನಾ (ಕಾವಾ ಪಾನೀಯ ಮಾಡೋ ಗಿಡ) ಬೇರಿನ ಕಟ್ಟು ಒಪ್ಪಿಸಿ ಅನುಮತಿ ಕೇಳೋ ಸೆವುಸೆವು ಪದ್ಧತಿ ಇದೆ, ತಲೆ ಮೇಲೆ ಟೋಪಿ ಇರಬಾರದು, ಇದನ್ನೆಲ್ಲ ಗೈಡ್ ಮುಂಚೆನೇ ಹೇಳಿಕೊಡಬೇಕು. 1987ರ ತನಕ ಇಲ್ಲಿ ದ್ವೀಪದ ಮೇಲೆ ಪ್ರವಾಸಿಗರು ಉಳಿಯೋಕೆ ಸಾಮಾನ್ಯವಾಗಿ ಬಿಡ್ತಾ ಇರಲಿಲ್ಲ. ಅದಕ್ಕೂ ಎಷ್ಟೋ ಮುಂಚೆ, 1789ರಲ್ಲಿ, ಬೌಂಟಿ ಹಡಗಿಂದ ದಂಗೆಕೋರರು ಇಳಿಸಿಬಿಟ್ಟ ಅದರ ಕ್ಯಾಪ್ಟನ್ ವಿಲಿಯಂ ಬ್ಲೈ 7 ಮೀಟರಿನ ತೆರೆದ ದೋಣಿಯಲ್ಲಿ ತನ್ನ ಜನರನ್ನ ತುಂಬ್ಕೊಂಡು ಇದೇ ನೀರಲ್ಲಿ ಹಾಯ್ದುಹೋದ, ಹಿಂದೆ ಫಿಜಿಯವರ ದೋಣಿಗಳು ಬೆನ್ನಟ್ಟಿದ್ವು. ಹಾಯಿ ಮತ್ತು ಹುಟ್ಟು ಎರಡೂ ಇದ್ದ ಟ್ರಿಪ್ಪೇ ಅದು, ಗೈಡ್ ಒಬ್ಬ ಇರಲಿಲ್ಲ ಅಷ್ಟೇ.

ಪಶ್ಚಿಮ ಪೆಸಿಫಿಕ್‌ನ ಪಲಾವ್ ದೇಶದ ರಾಕ್ ಐಲ್ಯಾಂಡ್ಸ್ ಬೇರೆ ಥರ. 445 ಸುಣ್ಣಕಲ್ಲಿನ ದ್ವೀಪ, 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು. ಸುತ್ತ ಹವಳದ ಗೋಡೆ ಇರೋದ್ರಿಂದ ಒಳಗೆ ಅಲೆ ಇಲ್ಲ, ದ್ವೀಪಗಳು ಒತ್ತೊತ್ತಾಗಿರೋದ್ರಿಂದ ಗಾಳಿಗೂ ಮರೆ. ಬುಡದಲ್ಲಿ ನೀರು ಕೊರೆದು ಕೊರೆದು ಪ್ರತಿ ದ್ವೀಪವೂ ಅಣಬೆ ಥರ ಆಗಿದೆ, ಆ ಚಾಚಿನ ಕೆಳಗೆ ಕಯಾಕ್ ತೂರಿಸಿದ್ರೆ ನಡುಮಧ್ಯಾಹ್ನವೂ ನೆರಳು, ತಲೆ ಮೇಲೆ ಕಲ್ಲು, ಅದರ ಮೇಲೆ ನೀರಿನ ಬೆಳಕು ಕುಣೀತಿರುತ್ತೆ. ಆದ್ರೆ ಅದೇ ಕಾರಣಕ್ಕೆ ಹತ್ತೋಕಾಗಲ್ಲ, ಇಳಿಯೋಕೆ ಸಿಗೋ ಬೀಚ್‌ಗಳು ಕೆಲವೇ. ಕಯಾಕ್‌ಗೆ ಸ್ವರ್ಗ, ಹಾಯಿಗೆ ವ್ಯರ್ಥ, ಇಲ್ಲಿ ಹಾಯಿದೋಣಿಗೆ ಜಾಸ್ತಿ ದುಡ್ಡು ಕೊಡೋದು ನನಗಂತೂ ಅರ್ಥ ಆಗಲ್ಲ. 2017ರಿಂದ ಬರೋರೆಲ್ಲ ಪಾಸ್‌ಪೋರ್ಟಲ್ಲಿ ಹಾಕೋ ಮುದ್ರೆಯ ಕೆಳಗೆ ಪರಿಸರ ಕಾಪಾಡ್ತೀನಿ ಅಂತ ಸಹಿ ಹಾಕಬೇಕು, 2020ರ ಜನವರಿಯಿಂದ ಹವಳಕ್ಕೆ ಕೆಟ್ಟದ್ದು ಮಾಡೋ ರಾಸಾಯನಿಕ ಇರೋ ಸನ್‌ಸ್ಕ್ರೀನ್ ನಿಷೇಧ, ಬ್ಯಾಗಲ್ಲಿ ಯಾವುದಿದೆ ನೋಡ್ಕೊಳ್ಳಿ.

ಇಂಡೋನೇಷ್ಯಾದ ರಾಜಾ ಅಂಪಾಟ್‌ಗೆ ಸೊರೊಂಗ್ ಊರಿಂದ ಹೊರಡೋದು, ಹೆಸರಿನ ಅರ್ಥ ನಾಲ್ಕು ರಾಜರು, ವೈಗಿಯೊ, ಬಟಾಂಟಾ, ಸಲಾವತಿ, ಮಿಸೂಲ್ ನಾಲ್ಕು ದೊಡ್ಡವು, ಸಣ್ಣವು ಸಾವಿರಕ್ಕೂ ಮೇಲೆ. ನೀರಿನ ಕೆಳಗೆ ಇದನ್ನ ಮೀರಿಸೋ ಜಾಗ ಇಲ್ಲ. ಇಲ್ಲಿ ಓಡೋದು ಬಹುತೇಕ ಫಿನಿಸಿ ಅನ್ನೋ ಮರದ ದೋಣಿಗಳು, ಸುಲಾವೇಸಿಯ ಆ ದೋಣಿ ಕಟ್ಟೋ ಕಲೆಗೆ 2017ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿದೆ, ನೋಡೋಕೆ ರಾಜಗಾಂಭೀರ್ಯ. ಆದ್ರೆ ಭೂಮಧ್ಯ ರೇಖೆಗೆ ಅಂಟಿಕೊಂಡಿರೋ ಜಾಗ, ಗಾಳಿ ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ, ಆ ದೊಡ್ಡ ಹಾಯಿಗಳು ಹೆಚ್ಚಾಗಿ ಮಡಚೇ ಇರ್ತವೆ. ಕಯಾಕ್‌ಗೆ ಗಾಳಿಗಿಂತ ಸೆಳೆತದ ಭಯ ಇಲ್ಲಿ, ಡಾಂಪಿಯರ್ ಜಲಸಂಧಿಯಲ್ಲಿ ನೀರು ಹೊಳೆ ಥರ ಹರಿಯುತ್ತೆ. ಅಕ್ಟೋಬರಿಂದ ಏಪ್ರಿಲ್ ಒಳ್ಳೇದು. ಮಲೇರಿಯಾ ಇದೆ, ಡಾಕ್ಟರ್ ಕೇಳಿ ಮಾತ್ರೆ ತಗೊಂಡು ಹೋಗಿ. ಮ್ಯಾಂಗ್ರೋವ್ ಕಡೆ ಉಪ್ಪುನೀರಿನ ಮೊಸಳೆನೂ ಇದೆ, ಮೊಸಳೆ ವಿಷಯ ಪಲಾವ್‌ಗೂ ಅನ್ವಯ.

ಮಧ್ಯ ಅಮೆರಿಕದ ಬೆಲೀಜ್‌ನ ಗ್ಲೋವರ್ಸ್ ರೀಫ್ ಬಿಡಾರ ಹೂಡೋ ಥರದ ಟ್ರಿಪ್‌ಗೆ ಮಾಡಿಟ್ಟ ಹಾಗಿದೆ. ಉಂಗುರದ ಥರ ಹವಳ ದಿಬ್ಬ, ಒಳಗೆ ನೂರಾರು ಸಣ್ಣ ದಿಬ್ಬಗಳು, ಅಂಚಲ್ಲಿ ನಾಲ್ಕಾರು ಪುಟ್ಟ ದ್ವೀಪ. ಡಿಸೆಂಬರಿಂದ ಮೇ ಸರಿ, ಜೂನಿಂದ ನವೆಂಬರ್ ಚಂಡಮಾರುತದ ಕಾಲ. ಇಲ್ಲಿ ಎಲ್ಲರೂ ಮಾಡೋ ತಪ್ಪು ಒಂದಿದೆ, ಹವಳದ ಗೋಡೆ ಇದೆಯಲ್ಲ ಅಂತ ಧೈರ್ಯ ತಗೊಳ್ಳೋದು. ಗೋಡೆ ಅಲೆ ತಡೆಯುತ್ತೆ, ಗಾಳಿ ತಡೆಯಲ್ಲ. ಪೂರ್ವದಿಂದ ಬರೋ ಗಾಳಿ ಪೂರ್ತಿ ಮುಖಕ್ಕೇ. ಹಾಯಿ ಕಟ್ಟಿದ ಕಯಾಕ್‌ಗೆ ಇಷ್ಟು ಒಳ್ಳೆ ಜಾಗ ಸಿಗೋದು ಅಪರೂಪ ಅನ್ನೋದೂ ಇದಕ್ಕೇ.

ಮಿಯಾನ್ಮಾರ್ ದಕ್ಷಿಣದ ಮೆರ್ಗುಯಿ ದ್ವೀಪಗಳ ಬಗ್ಗೆ ಬರೆಯೋಕೆ ಬೇಜಾರು. ಸುಮಾರು 800 ದ್ವೀಪ, 1997ರ ತನಕ ವಿದೇಶಿಯರಿಗೆ ಬಾಗಿಲು ಮುಚ್ಚಿತ್ತು, ಕಬಾಂಗ್ ದೋಣಿಗಳಲ್ಲೇ ಬದುಕಿದ ಮೊಕೆನ್ ಜನರ ಸಮುದ್ರ, ನವೆಂಬರಿಂದ ಏಪ್ರಿಲ್ ತನಕ ಹದವಾದ ಈಶಾನ್ಯ ಗಾಳಿ. ದೋಣಿ ಪ್ಲಸ್ ಕಯಾಕ್ ಅಂದ್ರೆ ನಿಜವಾಗ್ಲೂ ಇದೇ ಆಗಬೇಕಿತ್ತು. ಆದ್ರೆ 2021ರ ಸೇನಾ ಕ್ರಾಂತಿ ಆದ್ಮೇಲೆ ಅಲ್ಲಿನ ಪರಿಸ್ಥಿತಿ ನೋಡಿದ್ರೆ ನಾನು ಯಾರಿಗೂ ಹೋಗಿ ಅನ್ನಲ್ಲ, ವಿಮೆ ಕಂಪನಿಯವರೂ ಕೈ ಎತ್ತಬಹುದು. ಪಕ್ಕದ ಥಾಯ್ಲೆಂಡಿನ ಸುರಿನ್ ದ್ವೀಪಗಳಲ್ಲಿ ಮೊಕೆನ್ ಊರಿದೆ, ಆದ್ರೆ ಆ ದ್ವೀಪಗಳು ಮಳೆಗಾಲದಲ್ಲಿ ಪ್ರವಾಸಿಗರಿಗೆ ಮುಚ್ಚಿರ್ತವೆ. ಮೊಕೆನ್ ಮಕ್ಕಳು ನೀರೊಳಗೆ ಕಣ್ಣು ಬಿಟ್ಟು ಯುರೋಪಿನ ಮಕ್ಕಳಿಗಿಂತ ಎರಡು ಪಟ್ಟು ಸ್ಪಷ್ಟ ನೋಡ್ತಾರೆ ಅಂತ 2003ರಲ್ಲಿ ಒಂದು ಅಧ್ಯಯನ ಬಂದಿತ್ತು.

ಸಿಂಗಲ್ಲಾ ಡಬಲ್ಲಾ ಅಂತ ಕೇಳ್ತಾರೆ, ಜೋಡಿಯಾಗಿ ಹೋಗೋರಿಗೆ ಡಬಲ್ಲೇ ಕೊಡ್ತಾರೆ. ವೇಗ ಜಾಸ್ತಿ, ಮಗುಚೋದು ಕಡಿಮೆ. ಆದ್ರೆ ಇಬ್ಬರ ಲಯ ಕೂಡಬೇಕು, ಇಲ್ಲಾಂದ್ರೆ ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅಂತಾರಲ್ಲ ಅದೇ, ಇಲ್ಲಿ ಎರಡೂ ಕಡೆ ನೀರೇ. ಹಿಂದೆ ಕೂತವರ ಕಾಲಲ್ಲಿ ರಡ್ಡರ್ (ಚುಕ್ಕಾಣಿ) ಇರುತ್ತೆ, ಮುಂದೆ ಕೂತವರ ಬೆನ್ನೇ ಅವರಿಗೆ ಕಾಣೋ ದೃಶ್ಯ. ನಾನು ಮೂರು ದಿನ ಗೆಳೆಯನ ಬೆನ್ನು ನೋಡ್ಕೊಂಡು ಹೋಗಿದೀನಿ, ಅವನ ಟೀ ಶರ್ಟಿನ ಬೆವರಿನ ಉಪ್ಪಿನ ಗೆರೆಗಳು ಇವತ್ತೂ ಬರೆದು ತೋರಿಸಬಲ್ಲೆ. ಮೇಲೆ ಕೂರೋ ಥರದ ಕಯಾಕಾ ಒಳಗೆ ಕೂರೋ ಥರದ್ದಾ ಅಂದ್ರೆ, ಬೆಚ್ಚಗಿನ ನೀರಲ್ಲಿ ಹೊಸಬರಿಗೆ ಮೇಲೆ ಕೂರೋದೇ ಸುಲಭ, ಬಿದ್ರೆ ಹತ್ತಿ ಕೂತ್ರಾಯ್ತು. ತೊಡೆ ಮಾತ್ರ ಸುಟ್ಟುಹೋಗುತ್ತೆ, ತೆಳು ಉದ್ದ ಪ್ಯಾಂಟ್ ಬೇಕು, ಅಂಗೈ ಹಿಂಭಾಗಕ್ಕೆ ಬೆರಳಿಲ್ಲದ ಗ್ಲೌಸ್.

ಬುಕ್ ಮಾಡೋ ಮುಂಚೆ ಫೋನಲ್ಲಿ ಕೇಳಿ, ಮೆಸೇಜಲ್ಲಿ ಬೇಡ, ಉತ್ತರಕ್ಕಿಂತ ಮುಂಚಿನ ಮೌನನೂ ಮಾಹಿತಿನೇ. ದಿನಕ್ಕೆ ಎಷ್ಟು ಕಿ.ಮೀ. ಕಯಾಕ್, ಎಷ್ಟು ಗಂಟೆ ಇಂಜಿನ್? ಮೂರು ದಿನ ಬಿಡದೆ ಗಾಳಿ ಹೊಡೆದ್ರೆ ಏನು ಮಾಡ್ತೀರ? ಒಬ್ಬ ಗೈಡ್‌ಗೆ ಎಷ್ಟು ಜನ, ಮಗುಚಿದವರನ್ನ ನೀರಲ್ಲೇ ವಾಪಸ್ ಹತ್ತಿಸೋ ಅಭ್ಯಾಸ ಮೊದಲ ದಿನವೇ ಮಾಡಿಸ್ತೀರಾ? ಗೈಡ್ ಹತ್ತಿರ ವಿಎಚ್‌ಎಫ್ ರೇಡಿಯೋ ಮತ್ತು ಸ್ಯಾಟಲೈಟ್ ಫೋನ್ ಎರಡೂ ಇದ್ಯಾ, ಯಾಕಂದ್ರೆ ವಿಎಚ್‌ಎಫ್ ಕಯಾಕಿನ ಎತ್ತರದಿಂದ ಕೆಲವೇ ಕಿ.ಮೀ. ಮುಟ್ಟೋದು, ದ್ವೀಪ ಅಡ್ಡ ಬಂದ್ರೆ ಅದೂ ಇಲ್ಲ. ಕೈ ಮುರಿದ್ರೆ ಆಸ್ಪತ್ರೆ ತಲುಪೋಕೆ ಎಷ್ಟು ಗಂಟೆ ಅಂತ ಕೇಳಿ, ಗಂಟೆಯಲ್ಲಿ ಉತ್ತರ ಬಂದ್ರೆ ಯೋಚನೆ ಮಾಡಿದಾರೆ ಅಂತ, ಏನೂ ಆಗಲ್ಲ ಸಾರ್ ಅಂದ್ರೆ ಫೋನ್ ಇಟ್ಟುಬಿಡಿ.

ವಾಂತಿ ಬರೋರು ಮಾತ್ರೆನ ದೋಣಿ ಹತ್ತೋ ಒಂದು ಗಂಟೆ ಮುಂಚೆ ತಗೊಳ್ಳಿ, ಶುರುವಾದ ಮೇಲೆ ನುಂಗಿದ್ದು ಮೀನಿಗೆ. ಕಯಾಕಲ್ಲಿ ವಾಂತಿ ಬರಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಓಡ್ತಿರುವಾಗ ಏನೂ ಆಗಲ್ಲ, ಫೋಟೋಗೆ ಅಂತ ಐದು ನಿಮಿಷ ನಿಲ್ಲಿಸಿ ಅಲೆ ಮೇಲೆ ತೇಲಿದಾಗ ಗೊತ್ತಾಗುತ್ತೆ. ಗಟ್ಟಿ ಸೂಟ್‌ಕೇಸ್ ಯಾವ ಥರದ ಟ್ರಿಪ್‌ಗೂ ಬೇಡ. ಕಾಲಿಗೆ ಚಪ್ಪಲಿ ಅಲ್ಲ, ಪೂರ್ತಿ ಮುಚ್ಚೋ ಶೂ, ಹವಳ ತರಚಿದ ಗಾಯ ಒದ್ದೆ ಕಾಲಲ್ಲಿ ಒಣಗೋದೇ ಇಲ್ಲ.

ನಾನು ಮುಂದಿನ ಸಲಕ್ಕೆ ಯಾಸವಾ ಇಟ್ಕೊಂಡಿದೀನಿ, ಜೂನ್, ದಕ್ಷಿಣದಿಂದ ಉತ್ತರಕ್ಕೆ, ಸಣ್ಣ ಕ್ಯಾಟಮರಾನ್, ಬೆಳಿಗ್ಗೆ ಕಯಾಕ್ ಮಧ್ಯಾಹ್ನ ಹಾಯಿ. ಅದೇ ಗೆಳೆಯನೇ ಬರ್ತಿದಾನೆ, ಡಬಲ್ ಕಯಾಕೇ. ಹಿಂದಿನ ಸೀಟು ಅವನದು ಅಂತ ಅಡ್ವಾನ್ಸ್ ಕಟ್ಟೋ ಮುಂಚೆನೇ ಬರೆಸಿಕೊಂಡಿದೀನಿ.